ಮೊಸಳೆ ಬಾಯಿಗೆ ಕಾಲು ಸಿಕ್ಕಾಗ ಗಜೇಂದ್ರ ಕೇಳಿದ್ದೇನು?

[ತೆರೆಯ ಮೇಲೆ: ತಾವರೆ ಕೊಳ. ನೀರು ಕಲಕುವ ಸದ್ದು.]

ನಮಸ್ಕಾರ. ಗಜೇಂದ್ರ ಮೋಕ್ಷದ ಕಥೆ ನಿಮಗೆ ಗೊತ್ತೇ ಇರುತ್ತದೆ. ಆನೆ ನೀರಿಗಿಳಿಯಿತು, ಮೊಸಳೆ ಕಾಲು ಹಿಡಿಯಿತು, ಆನೆ ಮೊರೆಯಿಟ್ಟಿತು, ವಿಷ್ಣು ಬಂದು ಬಿಡಿಸಿದ. ಅಜ್ಜಿಯರು ಎರಡೇ ನಿಮಿಷಕ್ಕೆ ಹೇಳಿ ಮುಗಿಸುವ ಕಥೆ. ಭಾಗವತದ 8ನೇ ಸ್ಕಂಧದಲ್ಲಿ ಮಾತ್ರ ಇದು 2ನೇ ಅಧ್ಯಾಯದಿಂದ 4ನೇ ಅಧ್ಯಾಯದವರೆಗೆ ಹಬ್ಬಿದೆ. ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ.

ಮೊದಲು ಕೊಳದ ಹತ್ತಿರ ಹೋಗೋಣ. ತ್ರಿಕೂಟ ಪರ್ವತ, ಅಲ್ಲಿ ವರುಣನ ತೋಟ. ಬಿಸಿಲಿಗೆ ಬಳಲಿದ ಸಲಗ ಹಿಂಡು ಕಟ್ಟಿಕೊಂಡು ಬರುತ್ತದೆ. ಮದಜಲಕ್ಕೆ ಮುತ್ತಿದ ದುಂಬಿಗಳೂ ಜೊತೆಗಿವೆ. ತಾನು ಹೊಟ್ಟೆ ತುಂಬ ಕುಡಿದ ಮೇಲೆ ಸೊಂಡಿಲಲ್ಲಿ ನೀರೆತ್ತಿ ಹೆಣ್ಣಾನೆಗಳಿಗೆ, ಮರಿಗಳಿಗೆ ಕುಡಿಸುತ್ತದೆ, ಮೈಮೇಲೆ ಚಿಮ್ಮಿ ಸ್ನಾನ ಮಾಡಿಸುತ್ತದೆ. ಇಲ್ಲಿ ಕಥೆ ಹೇಳುತ್ತಿರುವ ಶುಕಮುನಿಗಳು ಒಂದು ಮಾತು ಸೇರಿಸುತ್ತಾರೆ: ಥೇಟ್ ಸಂಸಾರಸ್ಥನ ಹಾಗೆ. ಮನೆಮಂದಿಯ ಉಪಚಾರದಲ್ಲಿ ಮುಳುಗಿದವನಿಗೆ ಬರುವ ಕಷ್ಟ ಕಾಣಲಿಲ್ಲ.

ಕಾಲು ಸಿಕ್ಕಿಬಿತ್ತು. ಉಳಿದ ಆನೆಗಳು ಹಿಂದಿನಿಂದ ಎಳೆದವು, ಆಗಲಿಲ್ಲ. ಸಾವಿರ ವರ್ಷ ಎಳೆದಾಟ ನಡೆಯಿತು. ಬರಬರುತ್ತಾ ಆನೆ ಸೊರಗಿತು, ಮೊಸಳೆಗೆ ಬಲ ಜಾಸ್ತಿಯಾಯಿತು. ನೀರು ಅದರ ಮನೆ ಅಲ್ವಾ?

ಆಗ ಆನೆಗೆ ಹಿಂದಿನ ಜನ್ಮದಲ್ಲಿ ಕಲಿತ ಸ್ತುತಿ ನೆನಪಾಗುತ್ತದೆ. ಆ ಜನ್ಮದಲ್ಲಿ ಅವನು ಪಾಂಡ್ಯ ರಾಜ ಇಂದ್ರದ್ಯುಮ್ನ. ಮೌನವ್ರತ ಹಿಡಿದು ಪೂಜೆಗೆ ಕೂತಿದ್ದಾಗ ಅಗಸ್ತ್ಯರು ಶಿಷ್ಯರೊಂದಿಗೆ ಬಂದರು. ಇವನು ಎದ್ದು ಸತ್ಕರಿಸಲಿಲ್ಲ. ಆನೆಯಾಗು ಅಂತ ಶಾಪ ಸಿಕ್ಕಿತು. ಪೂಜೆಗೆ ಕೂತಿದ್ದೇ ತಪ್ಪಾಯಿತಾ? ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಈಗ ಆ ವಿಚಿತ್ರ. ಇಡೀ ಸ್ತುತಿಯಲ್ಲಿ ಮೊಸಳೆಯ ಸುದ್ದಿಯೇ ಇಲ್ಲ! ಕಾಲು ಬಿಡಿಸು ಅಂತ ಆನೆ ಕೇಳುವುದೂ ಇಲ್ಲ. ಅದು ಹೇಳುವುದು ಬೇರೆಯೇ: ಒಳಗೂ ಹೊರಗೂ ಕತ್ತಲು ಕವಿದ ಈ ಆನೆ ಜನ್ಮ ಹೊತ್ತು ಬದುಕುವ ಆಸೆ ನನಗಿಲ್ಲ, ಆ ಕತ್ತಲಿನಿಂದ ಬಿಡುಗಡೆ ಬೇಕು. ಯಾವ ದೇವರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಎಲ್ಲಕ್ಕೂ ಮೂಲವಾದವನು ಯಾರೋ, ಅವನಿಗೆ ನಮಸ್ಕಾರ, ಅಷ್ಟೇ. ತಮ್ಮ ಹೆಸರು ಬರಲಿಲ್ಲವೆಂದು ಬ್ರಹ್ಮಾದಿಗಳು ಕದಲಲಿಲ್ಲ. ಹರಿ ಗರುಡನನ್ನೇರಿ ಬಂದ.

ಆಕಾಶದಲ್ಲಿ ಅವನನ್ನು ಕಂಡದ್ದೇ ತಡ, ಆನೆ ಒಂದು ತಾವರೆ ಹಿಡಿದ ಸೊಂಡಿಲನ್ನು ಕಷ್ಟಪಟ್ಟು ಮೇಲೆತ್ತಿತು. 'ನಾರಾಯಣ' ಎಂಬ ಮಾತು ಬಾಯಿಂದ ಬರುವುದು ಆಗಲೇ.

ಹರಿ ಕೆಳಗಿಳಿದು ಆನೆಯೊಂದನ್ನೇ ಎಳೆಯಲಿಲ್ಲ. ಮೊಸಳೆ ಸಮೇತ ದಡಕ್ಕೆಳೆದ. ಆಮೇಲೆ ಚಕ್ರದಿಂದ ಅದರ ಬಾಯಿ ಸೀಳಿದ. ಸತ್ತ ಮೊಸಳೆಯಿಂದ ಹೂಹೂ ಎಂಬ ಗಂಧರ್ವ ಎದ್ದು ಬಂದ. ಅವನಿಗೆ ದೇವಲ ಋಷಿಯ ಶಾಪವಿತ್ತು. ಅಂದರೆ ಹಿಡಿದವನಿಗೂ ಬಿಡುಗಡೆ.

[ತೆರೆಯ ಮೇಲೆ: ದೇವಗಢದ ಕಲ್ಲಿನ ಫಲಕ]

ಇದು ಉತ್ತರಪ್ರದೇಶದ ದೇವಗಢ, ಗುಪ್ತರ ಕಾಲದ ದಶಾವತಾರ ದೇವಾಲಯ. ಆನೆಯ ಕಾಲು ನೋಡಿ. ಮೊಸಳೆ ಎಲ್ಲಿ? ಇಲ್ಲ! ಸುತ್ತಿಕೊಂಡಿರುವುದು ನಾಗ. ಅವನು ಕೈಮುಗಿದು ನಿಂತಿದ್ದಾನೆ. ಶಿಲ್ಪಿಯದು ತಪ್ಪು ಅನ್ನಬೇಡಿ. ಭಾಗವತದಲ್ಲಿ ಬರುವ ಪದ 'ಗ್ರಾಹ'. ಹಿಡಿದುಕೊಳ್ಳುವುದು ಅಂತ ಅರ್ಥ.

ಕೊನೆಗೆ ಆ ಕಾಲು ಏನಾಯಿತು? ಕಾಲೂ ಉಳಿಯಲಿಲ್ಲ, ಆನೆಯ ಮೈಯೂ ಉಳಿಯಲಿಲ್ಲ. ಪೀತಾಂಬರ, ನಾಲ್ಕು ತೋಳು, ಹರಿಯದೇ ರೂಪ. ಕೇಳಿದ್ದೇ ಸಿಕ್ಕಿತು.

ಶುಕರು ಈ ಕಥೆ ಹೇಳುತ್ತಿದ್ದದ್ದು ಗಂಗೆಯ ದಡದಲ್ಲಿ, ಪರೀಕ್ಷಿತ ರಾಜನಿಗೆ. ಅವನಿಗೂ ಶಾಪ: 7 ದಿನದೊಳಗೆ ತಕ್ಷಕ ಕಚ್ಚಿ ಸಾವು. ಅವನು ಗರುಡ ಬಂದನಾ ಅಂತ ಆಕಾಶ ನೋಡುತ್ತಾ ಕೂರಲಿಲ್ಲ. ಮುಂದಿನ ಕಥೆ ಹೇಳಿ ಅಂದ.