ದಂಡು ಬಂತು, ದಂಡಿನವರು ಬಂದರು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲ ಮುಗಿದ ಮೇಲೆ ಏಳನೇ ತರಗತಿಯ ಮಕ್ಕಳನ್ನು ಬೇಕಲ ಕೋಟೆಗೆ ಕರೆದುಕೊಂಡು ಹೋಗಿದ್ದೆ. ನಾನು ಕಾಸರಗೋಡಿನ ಒಂದು ಹಳ್ಳಿಯಲ್ಲಿ ಕನ್ನಡ ಕಲಿಸುವವಳು. ಕೋಟೆ ಸುತ್ತಿ, ಬುತ್ತಿ ಉಂಡು, ನೆರಳಿನಲ್ಲಿ ಕುಳಿತಾಗ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. "ಇಲ್ಲಿ ಹಿಂದೆ ಸೈನಿಕರು ಇದ್ದರು. ಅವರು ಎಂಥವರು? ಐದು ಸಾಲು ಬರೆಯಿರಿ" ಎಂದೆ.

ಪುಸ್ತಕಗಳನ್ನು ತಿರುವಿ ನೋಡಿದರೆ ಎಲ್ಲ ಕಡೆ ಅದೇ ಮೂರು ಪದ. ಶೂರ ಸೈನಿಕರು. ವೀರ ಸೈನಿಕರು. ಧೀರ ಸೈನಿಕರು. ಒಬ್ಬ ಹುಡುಗ ಮೂರನ್ನೂ ಒಟ್ಟಿಗೆ ಬರೆದಿದ್ದ. ತಪ್ಪೇನೂ ಇಲ್ಲ. ಆದರೆ ಓದಿದಾಗ ಕಣ್ಣ ಮುಂದೆ ಒಬ್ಬ ಸೈನಿಕನೂ ಬಂದು ನಿಲ್ಲಲಿಲ್ಲ. ಬೇಕಲದಲ್ಲಿ ಮೊದಲು ಇದ್ದದ್ದು ಕೆಳದಿ ನಾಯಕರ ದಂಡು. ಆಮೇಲೆ ಹೈದರಾಲಿಯದು, ಟಿಪ್ಪುವಿನದು. ಟಿಪ್ಪು ಮಡಿದ ಮೇಲೆ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯದು. ಶೂರ ಎಂಬ ಪದ ಇವರೆಲ್ಲರಿಗೂ ಹೊಂದುತ್ತದೆ. ಹಾಗಾಗಿ ಯಾರ ಗುರುತನ್ನೂ ಹೇಳುವುದಿಲ್ಲ.

ಒಬ್ಬಳು ಹುಡುಗಿ ಮಾತ್ರ ಬೇರೆ ಬರೆದಿದ್ದಳು. "ಗಾಳಿಗೆ ಕಣ್ಣು ಕೆಂಪಾದ ಕಾವಲುಗಾರರು." ಕಡಲ ಕಡೆಯ ಕೊತ್ತಳದ ಮೇಲೆ ಬಹಳ ಹೊತ್ತು ನಿಂತು ಕಣ್ಣು ಉಜ್ಜಿಕೊಳ್ಳುತ್ತಿದ್ದವಳು ಅವಳೇ. ಆ ಸಾಲು ಓದಿದ ಕೂಡಲೇ ನನಗೆ ಆ ಜನ ಕಂಡರು. ಹಗಲಿಡೀ ಕಡಲು ನೋಡುವವರು. ಹಡಗು ಬಂತೋ ಇಲ್ಲವೋ ಎಂದು ಕಾಯುವವರು. ಕಣ್ಣಿಗೆ ಉಪ್ಪುಗಾಳಿ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಒಂದು ಪಡೆಯನ್ನೋ ಒಂದು ಊರಿನ ಜನರನ್ನೋ ಬಣ್ಣಿಸುವಾಗ ನಾವು ಎಂಥ ಪದ ಆರಿಸುತ್ತೇವೆ?

ನಮ್ಮ ಭಾಷೆಯಲ್ಲಿ ಗುಣ ಹೇಳುವ ಪದಗಳು ಎರಡು ದಾರಿಯಲ್ಲಿ ಬರುತ್ತವೆ. ಶೂರ, ಕ್ರೂರ, ಹೇಡಿ, ಒರಟು. ಇವು ಸಿದ್ಧವಾಗಿಯೇ ಇರುವ ಪದಗಳು. ತಂದು ಅಂಟಿಸಿದರೆ ಆಯಿತು. ಇನ್ನು ಕೆಲವು ಕ್ರಿಯಾಪದದಿಂದ ಹುಟ್ಟುತ್ತವೆ. ದಣಿ ಎಂಬುದರಿಂದ ದಣಿದ. ಹಸಿ ಎಂಬುದರಿಂದ ಹಸಿದ. ನೆನೆದ, ಹೆದರಿದ, ನಿದ್ದೆಗೆಟ್ಟ, ಮನೆ ಬಿಟ್ಟು ಬಂದ. ವ್ಯಾಕರಣದಲ್ಲಿ ಇವಕ್ಕೆ ಕೃದಂತ ಎನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ. ಈ ಪದಗಳ ಹೊಟ್ಟೆಯಲ್ಲಿ ಏನೋ ಒಂದು ನಡೆದಿರುತ್ತದೆ. ದಣಿದ ಸೈನಿಕರು ಎಂದರೆ ಯಾಕೆ ದಣಿದರು ಎಂದು ಕೇಳಬಹುದು. ಎಷ್ಟು ದೂರ ನಡೆದರು ಎಂದು ಕೇಳಬಹುದು. ರಾತ್ರಿ ಮಲಗಿ ಎದ್ದರೆ ಆ ದಣಿವು ಹೋಗುತ್ತದೆ. ಕ್ರೂರ ಎಂದರೆ ಹಾಗಲ್ಲ. ಅದು ಮಲಗಿ ಎದ್ದರೂ ಹೋಗುವುದಿಲ್ಲ. ಮಗನಿಗೆ, ಮೊಮ್ಮಗನಿಗೆ ಕೂಡ ಅಂಟಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ದಂಡು, ಪಡೆ, ಸೇನೆ, ತುಕಡಿ, ಪಟಾಲಂ. ಈ ಪದಗಳು ಬಂದ ಕೂಡಲೇ ಕನ್ನಡದಲ್ಲಿ ಮನುಷ್ಯರು ಮಾಯವಾಗುತ್ತಾರೆ. ಮಳೆ ಬಂತು ಎಂದ ಹಾಗೆಯೇ ದಂಡು ಬಂತು ಎನ್ನುತ್ತೇವೆ. ದಂಡಿನವರು ಬಂದರು ಎಂದು ನೋಡಿ. ಆಗ ಕಾಲು ಕಾಣುತ್ತದೆ, ಕಾಲಿನ ಧೂಳು ಕಾಣುತ್ತದೆ. ಮೇಲಿನಿಂದ ನೋಡಿದ ಚಿತ್ರ ಬೇಕಾದಾಗ ದಂಡು ಬರಲಿ. ಆದರೆ ಅವರು ಹಸಿದಿದ್ದರು, ಅತ್ತರು ಎಂದು ಹೇಳುವುದಿದ್ದರೆ ದಂಡಿನವರೇ ಬರಬೇಕು ಎಂದು ನನಗೆ ಅನಿಸುತ್ತದೆ.

ನಮ್ಮ ಕಡೆ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕುಳಿತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಆ ಪ್ರಸಂಗಗಳ ಕೂಟದಲ್ಲಿ ರಾವಣನ ಅರ್ಥ ಹೇಳುವವರ, ಅಂದರೆ ರಾವಣನಾಗಿ ಮಾತಾಡುವವರ ಬಾಯಲ್ಲಿ ಕಡಲು ದಾಟಿ ಬಂದದ್ದು ಕಾಡುಮಂಗಗಳ ಹಿಂಡು. ವಿಭೀಷಣನ ಅರ್ಥದಲ್ಲಿ ಅದೇ ಪಡೆ ಸೇತುವೆ ಕಟ್ಟಿದ ವಾನರರು. ಕಟ್ಟಿದ ಎಂಬ ಆ ಒಂದು ಪದದಲ್ಲೇ ಕಲ್ಲು ಹೊತ್ತ ಭುಜಗಳು ಕಾಣುತ್ತವೆ.

ಪುರಾಣ ಇರಲಿ, ನಮ್ಮ ನೆಲದಲ್ಲೇ ನಡೆದದ್ದು ಹೇಳುತ್ತೇನೆ. 1834ರಲ್ಲಿ ಕಂಪನಿಯವರು ಕೊಡಗನ್ನು ವಶ ಮಾಡಿಕೊಂಡರು. ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಆಗ ಕಾಸರಗೋಡು ಕೂಡ ಅದೇ ಜಿಲ್ಲೆ. ಅದುವರೆಗೆ ಬೆಳೆದ ಬೆಳೆಯನ್ನೇ ಕಂದಾಯವಾಗಿ ಅಳೆದು ಕೊಡುತ್ತಿದ್ದ ಜನರಿಗೆ, ಇನ್ನು ಹಣವನ್ನೇ ಕಟ್ಟಬೇಕು ಎಂಬ ಅಪ್ಪಣೆ ಬಂತು. ಒಕ್ಕಲುಮಕ್ಕಳ ಕೈಯಲ್ಲಿ ಹಣ ಎಲ್ಲಿಂದ ಬರಬೇಕು? 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತರು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ನಡೆದರು. ಏಪ್ರಿಲ್ 5ರಂದು ಊರು ಅವರ ಕೈಗೆ ಬಂತು. ಹದಿಮೂರು ದಿನ ಅಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. ಆಮೇಲೆ ಸೈನ್ಯ ಬಂದು ಹೋರಾಟವನ್ನು ಮುರಿಯಿತು. ಮುಂದಾಳುಗಳನ್ನು ಗಲ್ಲಿಗೇರಿಸಿದರು.

ಇಷ್ಟೆಲ್ಲ ಮಾಡಿದವರಿಗೆ ಉಳಿದ ಹೆಸರು ಏನು ಗೊತ್ತೇ? ಮುಂದಾಳು ಕಲ್ಯಾಣಪ್ಪನ ಹೆಸರು ಹಿಡಿದು, ಕಲ್ಯಾಣಪ್ಪನ ಕಾಟಕಾಯಿ. ಆ ಪದದಲ್ಲಿ ಲೂಟಿಯ, ಉಪಟಳದ ವಾಸನೆ ಇದೆ. ನಮ್ಮ ಹಿರಿಯರೂ ಹಾಗೆಯೇ ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಕಿವಿಗೆ ಬಿದ್ದದ್ದು ಬಾಯಿಗೆ ಬಂತು, ಅಷ್ಟೆ. ಈಗ ಅದನ್ನು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. ಅದು ಸರಿಯೇ. ಆದರೂ ಮಕ್ಕಳಿಗೆ ಹೇಳುವಾಗ ನಾನು ಇನ್ನೂ ಸ್ವಲ್ಪ ಹತ್ತಿರ ಹೋಗುತ್ತೇನೆ. ಕಂದಾಯಕ್ಕೆ ಹಣ ಇಲ್ಲದ ರೈತರು. ಸುಳ್ಯದಿಂದ ಮಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದವರು. ಹೀಗೆ ಹೇಳಿದರೆ ಮಕ್ಕಳು ತಾವಾಗಿ ಕೇಳುತ್ತಾರೆ, "ಟೀಚರ್, ಊಟಕ್ಕೆ ಏನು ಮಾಡಿದರು?" ದಂಗೆಕೋರರು ಎಂದಾಗಲೂ, ವೀರರು ಎಂದಾಗಲೂ ಯಾವ ಮಗುವೂ ಊಟದ ಬಗ್ಗೆ ಕೇಳಿದ್ದಿಲ್ಲ.

ಪದ ಸುಮ್ನೆ ಪದವಾಗಿ ಉಳಿಯುವುದಿಲ್ಲ. 1871ರಲ್ಲಿ ಬ್ರಿಟಿಷ್ ಸರಕಾರ ಒಂದು ಕಾನೂನು ಮಾಡಿತು. ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿ ಬುಡಕಟ್ಟುಗಳು ಎಂದು ಬರೆದಿಟ್ಟಿತು. 1911ರಲ್ಲಿ ಅದು ಮದರಾಸು ಪ್ರಾಂತ್ಯಕ್ಕೂ ಬಂತು. ನಮ್ಮ ಜಿಲ್ಲೆ ಆಗ ಅದೇ ಪ್ರಾಂತ್ಯದಲ್ಲಿತ್ತು. ಆಗ ತಾನೇ ಹುಟ್ಟಿದ ಕೂಸಿಗೂ ಅಪರಾಧಿ ಎಂಬ ವಿಶೇಷಣ! ಆ ಕೂಸು ಏನು ಮಾಡಿತ್ತು? ದೊಡ್ಡವರು ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು, ಊರು ಬಿಟ್ಟು ಹೋಗಲು ಅನುಮತಿ ಕೇಳಬೇಕಿತ್ತು. 1952ರಲ್ಲಿ ಆ ಕಾನೂನು ರದ್ದಾಯಿತು. ಆ ಜನರನ್ನು ಈಗ ವಿಮುಕ್ತರು ಎನ್ನುತ್ತಾರೆ. ಕಾಗದದ ಮೇಲಿನ ಪದ ಬದಲಾದಷ್ಟು ಬೇಗ ಜನರ ನಾಲಿಗೆ ಬದಲಾಗಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತೂ ಸಂಕಟವಾಗುತ್ತದೆ.

ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಜನರನ್ನು ಬಣ್ಣಿಸುತ್ತದೆ. ಸುಭಟರು, ಕವಿಗಳು, ಗುಣಿಗಳು, ಅಭಿಮಾನಿಗಳು, ಅತ್ಯುಗ್ರರು, ವಿವೇಕಿಗಳು ಎಂದು ಉದ್ದಕ್ಕೆ ಹೇಳುತ್ತಾ ಹೋಗುತ್ತದೆ. ಈ ಪಟ್ಟಿ ಎಷ್ಟು ಜನರಿಗೆ ನೆನಪಿದೆ? ಆದರೆ ಪದನರಿದು ನುಡಿಯಲು, ನುಡಿದುದನ್ನು ಅರಿತು ತೂಗಿ ನೋಡಲು ಬಲ್ಲವರು ಎಂಬ ಮಾತು ಎಲ್ಲರಿಗೂ ನೆನಪಿದೆ. ಅಲ್ಲಿ ಜನ ಏನೋ ಮಾಡುತ್ತಿದ್ದಾರೆ. ಮಾತಾಡುತ್ತಿದ್ದಾರೆ, ಕೇಳುತ್ತಿದ್ದಾರೆ, ತೂಗುತ್ತಿದ್ದಾರೆ.

ಕೊನೆಗೆ ನಮ್ಮದೇ ಒಂದು ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ನಮಗೂ ವಿಶೇಷಣಗಳು ಜಾಸ್ತಿಯಾದವು. ಒಮ್ಮೆ ಒಂದು ಸಭೆಗೆ ಮಕ್ಕಳನ್ನು ಹಾಡಲು ಕರೆದುಕೊಂಡು ಹೋಗಿದ್ದೆ. ವೇದಿಕೆಯಲ್ಲಿದ್ದವರೊಬ್ಬರು ಪ್ರೀತಿಯಿಂದಲೇ ಹೇಳಿದರು, "ಈಗ ಗಡಿನಾಡಿನ ನತದೃಷ್ಟ ಮಕ್ಕಳು ಹಾಡುತ್ತಾರೆ." ಹೊಸ ಲಂಗ ಉಟ್ಟು, ಹೂ ಮುಡಿದು ನಿಂತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಳಿ ಬರುವಾಗ ಬಸ್ಸಿನಲ್ಲಿ ಒಬ್ಬಳು ಕೇಳಿದಳು, "ನತದೃಷ್ಟ ಎಂದರೆ ಏನು ಟೀಚರ್?" ನನಗೆ ಹೇಳಲು ಮನಸ್ಸು ಬರಲಿಲ್ಲ.

ಬೇಕಲದಿಂದ ಬಂದ ಮರುದಿನ ತರಗತಿಯಲ್ಲಿ ಆ ಮಾತು ಎತ್ತಿದೆ. ಕರಿಹಲಗೆಯ ಮೇಲೆ ಮಕ್ಕಳು ಎಂದು ಬರೆದು, ಅದರ ಹಿಂದೆ ಜಾಗ ಬಿಟ್ಟೆ. "ನೀವು ಎಂಥ ಮಕ್ಕಳು? ಶೂರ, ಧೀರ ಬೇಡ. ನೀವು ಏನು ಮಾಡುತ್ತೀರಿ, ಅದನ್ನು ಹೇಳಿ" ಎಂದೆ. ಗಲಾಟೆಯೋ ಗಲಾಟೆ. ಒಬ್ಬನ ಪದ ಇನ್ನೊಬ್ಬಳು ಅಳಿಸುವುದು, ಮತ್ತೊಬ್ಬ ಸೇರಿಸುವುದು. ಗಂಟೆ ಹೊಡೆಯುವ ಹೊತ್ತಿಗೆ ಹಲಗೆಯ ಮೇಲೆ ಈ ಸಾಲು ಉಳಿದಿತ್ತು.

ಮನೆಯಲ್ಲಿ ತುಳು ಮಾತಾಡುವ, ಬಸ್ಸಿನಲ್ಲಿ ಮಲಯಾಳ ಬೋರ್ಡು ಓದುವ, ಶಾಲೆಯಲ್ಲಿ ಕನ್ನಡ ಬರೆಯುವ, ಮಳೆ ಬಂದರೆ ಒಂದೇ ಕೊಡೆಯಲ್ಲಿ ಮೂವರು ಬರುವ ಮಕ್ಕಳು.

ನಮಸ್ಕಾರ.