ಲೇಖಕರು ತೀರಿಕೊಂಡು 60 ವರ್ಷ ಆಯ್ತು, ಪುಸ್ತಕ ಎಲ್ಲರದಾಯ್ತಾ?

ನಮಸ್ಕಾರ. ಹಳೆಯ ಪುಸ್ತಕ ಮರುಮುದ್ರಣ ಮಾಡುವವರು, ಆಡಿಯೋಬುಕ್ ಓದುವವರು, ವಿಕಿಸೋರ್ಸ್‌ಗೆ ಟೈಪ್ ಮಾಡುವವರು, ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಲೇಖಕರು ತೀರಿಕೊಂಡ ವರ್ಷಕ್ಕೆ 60 ಕೂಡಿಸಿ, ಆ ವರ್ಷದ ಡಿಸೆಂಬರ್ 31 ದಾಟಿತೋ ನೋಡಿ, ಮುಗೀತು. 1957ರ ಕಾಪಿರೈಟ್ ಕಾಯ್ದೆಯ 22ನೇ ಸೆಕ್ಷನ್ ಹೇಳುವುದೂ ಅದನ್ನೇ. ಆದರೆ ಅದು ಲೇಖಕರು ಬದುಕಿದ್ದಾಗ ಅಚ್ಚಾದದ್ದಕ್ಕೆ ಮಾತ್ರ. ಸತ್ತ ಮೇಲೆ ಮೊದಲ ಸಲ ಹೊರಬಂದದ್ದಕ್ಕೆ 24ನೇ ಸೆಕ್ಷನ್ ಇದೆ. ಅಲ್ಲಿ 60 ವರ್ಷ ಎಣಿಸುವುದು ಸಾವಿನಿಂದಲ್ಲ, ಪ್ರಕಟಣೆಯಿಂದ. ಈ ಸೆಕ್ಷನ್ ತಿದ್ದಬೇಕು ಅನ್ನುವುದು ನನ್ನ ವಾದ. ಯಾಕೆ ಅಂತ ಟಾಗೋರರನ್ನೇ ಇಟ್ಟುಕೊಂಡು ನೋಡೋಣ.

ರವೀಂದ್ರನಾಥ ಟಾಗೋರ್ ತೀರಿಕೊಂಡದ್ದು 1941ರ ಆಗಸ್ಟ್ 7ರಂದು. ಆಗಿನ ಅವಧಿ 50 ವರ್ಷ, ಅಂದರೆ 1991ರ ಕೊನೆಗೆ ಮುಗಿಯಬೇಕಿತ್ತು. ಮುಗಿಯಲು ಕೆಲವೇ ದಿನ ಇದ್ದಾಗ ಸುಗ್ರೀವಾಜ್ಞೆ ಬಂತು, 1992ರಲ್ಲಿ ತಿದ್ದುಪಡಿ ಕಾಯ್ದೆಯೂ ಆಯಿತು, 50 ಇದ್ದದ್ದು 60 ಆಯಿತು. ಟಾಗೋರರ ಬರಹಗಳ ಹಕ್ಕು ಇದ್ದದ್ದು ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಯಲ್ಲಿ, ಅದಕ್ಕೆ ಇನ್ನೂ ಹತ್ತು ವರ್ಷ ಸಿಕ್ಕಿತು. 2001ರ ಡಿಸೆಂಬರ್ 31ಕ್ಕೆ ಅದೂ ಮುಗಿಯಿತು. ಇನ್ನೇನು, ಟಾಗೋರ್ ಬರೆದದ್ದೆಲ್ಲ ನಮ್ಮದೇ ಅಂದುಕೊಂಡವರು ಬಹಳ ಜನ.

ಈಗ ‘ಛಿನ್ನಪತ್ರ’ ತೆಗೆದುಕೊಳ್ಳಿ. ಅಣ್ಣನ ಮಗಳು ಇಂದಿರಾದೇವಿಗೆ ಟಾಗೋರ್ 1887ರಿಂದ 1895ರವರೆಗೆ ಬರೆದ ಪತ್ರಗಳು. ಖಾಸಗಿ ಅನ್ನಿಸಿದ್ದನ್ನೆಲ್ಲ ತಾವೇ ಕತ್ತರಿಸಿ 1912ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ 153 ಪತ್ರ. 8 ಗೆಳೆಯ ಶ್ರೀಶಚಂದ್ರ ಮಜುಮ್ದಾರರಿಗೆ, ಉಳಿದ 145 ಇಂದಿರಾದೇವಿಗೆ. ಟಾಗೋರ್ ಹೋದ ಮೇಲೆ, 1960ರಲ್ಲಿ, ವಿಶ್ವಭಾರತಿ ‘ಛಿನ್ನಪತ್ರಾವಳಿ’ ತಂದಿತು. ಇಂದಿರಾದೇವಿಗೆ ಬರೆದ 252 ಪತ್ರ: ಹಳೆಯ 145 ಹೆಚ್ಚು ಪೂರ್ಣವಾಗಿ, ಜೊತೆಗೆ ಹೊಸ 107.

ಆ 107 ಪತ್ರಗಳ ಗಡಿಯಾರ ಶುರುವಾಗುವುದು 1961ರ ಜನವರಿ 1ಕ್ಕೆ. ಮುಗಿದದ್ದು 2020ರ ಡಿಸೆಂಬರ್ 31ಕ್ಕೆ! ಮತ್ತೆ ಹಳೆಯ 145? 24ನೇ ಸೆಕ್ಷನ್ ‘ಕೃತಿಯಾಗಲಿ, ಅದರ ರೂಪಾಂತರವಾಗಲಿ’ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾಗಿರಬಾರದು ಅನ್ನುತ್ತದೆ. ಸಂಕ್ಷೇಪ ಮಾಡಿದ್ದೂ ಕಾಯ್ದೆಯ ವ್ಯಾಖ್ಯೆಯಲ್ಲಿ ರೂಪಾಂತರವೇ. ಹಾಗಾಗಿ 1912ರಲ್ಲಿ ಕತ್ತರಿಸಿದ ರೂಪದಲ್ಲಿ ಬಂದ ಪತ್ರಗಳು, ನಾನು ಓದುವ ಪ್ರಕಾರ, 22ನೇ ಸೆಕ್ಷನ್‌ಗೇ ಸೇರಿ 2001ಕ್ಕೇ ಮುಕ್ತವಾದವು. ಒಂದೇ ರಟ್ಟಿನೊಳಗೆ ಎರಡು ದಿನಾಂಕ, ನಡುವೆ 19 ವರ್ಷ. ಪುಸ್ತಕದ ಇಂಪ್ರಿಂಟ್ ಪುಟ (ಪ್ರಕಾಶಕರು, ಮುದ್ರಣದ ವರ್ಷ ಇರುವ ಪುಟ) ನೋಡಿ ಇದನ್ನು ಹೇಳಲಿಕ್ಕಾಗುವುದಿಲ್ಲ. ಪತ್ರ ಪತ್ರ ಇಟ್ಟುಕೊಂಡು ಹೋಲಿಸಬೇಕು.

ಸಂಪಾದಕರ ಪಾಲು ಇನ್ನೊಂದು ಗಂಟು. ಕಾಗುಣಿತ ಸರಿ ಮಾಡಿದೆ, ಅಲ್ಪವಿರಾಮ ಹಾಕಿದೆ ಅಂತ ಹೊಸ ಹಕ್ಕು ಹುಟ್ಟುವುದಿಲ್ಲ. 2007ರಲ್ಲಿ, ಕೋರ್ಟ್ ತೀರ್ಪುಗಳನ್ನು ತಿದ್ದಿ ಅಚ್ಚುಹಾಕುವ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ: ಬರೀ ಶ್ರಮ ಸಾಲದು, ಒಂದಿಷ್ಟು ಸ್ವಂತ ವಿವೇಚನೆ ಬೇಕು. ಆದ್ದರಿಂದ ಮುನ್ನುಡಿ, ಅಡಿಟಿಪ್ಪಣಿ ಸಂಪಾದಕರದು, ಅವನ್ನು ಮುಟ್ಟಬೇಡಿ. ತೊಂದರೆ ಆಗುವುದು ‘ಪರಿಷ್ಕೃತ’ ಅಂತ ಮಾತ್ರ ಮುದ್ರಿಸಿ, ಏನು ಪರಿಷ್ಕರಿಸಿದರು ಅಂತ ಹೇಳದ ಪುಸ್ತಕಗಳಲ್ಲಿ. ಅಲ್ಲಿ ಸುರಕ್ಷಿತ ದಾರಿ ಒಂದೇ. ಲೇಖಕರು ಬದುಕಿದ್ದಾಗಿನ ಕೊನೆಯ ಮುದ್ರಣ ಹುಡುಕಿ, ಅದನ್ನೇ ಮೂಲಪ್ರತಿ ಮಾಡಿಕೊಳ್ಳಿ. ಸಮಗ್ರ ಸಂಪುಟದಿಂದ ಸ್ಕ್ಯಾನ್ ಮಾಡುವುದು ಸುಲಭ, ನಿಜ. ಸಿಕ್ಕಿಬೀಳುವುದೂ ಅಲ್ಲೇ.

ನಮ್ಮಲ್ಲೂ ಇದೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಬದುಕಿದ್ದಾಗ ಬಂದ ಅವರ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. ಆದರೆ ಅವರು ಅರ್ಧಕ್ಕೆ ಬಿಟ್ಟುಹೋದ ‘ಅವಳ ಮಗಳು’ ಕಾದಂಬರಿಯನ್ನು ಪೂರ್ತಿ ಮಾಡಿದವರು ಎಂ.ಸಿ. ಪದ್ಮಾ. ಆ ಮುಂದುವರಿಕೆಗೆ ಅದರದೇ ಲೇಖಕಿ, ಅದರದೇ ಲೆಕ್ಕ. ತ್ರಿವೇಣಿಯವರ ಪಟ್ಟಿಯಲ್ಲಿದೆ ಅಂತ ಉಳಿದವುಗಳ ಜೊತೆ ಸೇರಿಸಿ ಅಪ್‌ಲೋಡ್ ಮಾಡುವ ಹಾಗಿಲ್ಲ.

ನಾಟಕಗಳಿಗೆ ಇನ್ನೊಂದು ವಿಷಯ ನೋಡಬೇಕು. ಅಚ್ಚಾಗದ ನಾಟಕವನ್ನು ಸಾರ್ವಜನಿಕವಾಗಿ ಆಡಿದರೆ, 24ನೇ ಸೆಕ್ಷನ್ ಮಟ್ಟಿಗೆ ಅದೂ ಪ್ರಕಟಣೆಯೇ. ಅಂಥ ನಾಟಕಕ್ಕೆ ಹಳೆಯ ಕರಪತ್ರ, ಪತ್ರಿಕೆಯ ವರದಿಯೇ ಸಾಕ್ಷಿ.

ಈಗ ತಕರಾರಿಗೆ ಬರುತ್ತೇನೆ. 1946ರಲ್ಲಿ ತೀರಿಕೊಂಡ ಲೇಖಕರೊಬ್ಬರ ಕೈಬರಹ ಟ್ರಂಕಿನಲ್ಲೇ ಉಳಿದು 2026ರಲ್ಲಿ ಅಚ್ಚಾಯಿತು ಅನ್ನಿ. ಹಕ್ಕು 2086ರವರೆಗೆ. ಸತ್ತ 140 ವರ್ಷಕ್ಕೆ! ಬದುಕಿದ್ದಾಗ ಬೆವರು ಸುರಿಸಿ ಪ್ರಕಟಿಸಿದ ಪುಸ್ತಕಕ್ಕಿಂತ, ಮುಚ್ಚಿಟ್ಟ ಕಾಗದಕ್ಕೆ ಹೆಚ್ಚು ಆಯುಸ್ಸು. ತಡಮಾಡಿದಷ್ಟೂ ಲಾಭ ಅನ್ನುವ ಕಾನೂನು ಯಾರಿಗೆ ಬೇಕು? ಯುರೋಪಿಯನ್ ಒಕ್ಕೂಟದಲ್ಲಿ, ಲೇಖಕರ ಹಕ್ಕಿನ ಅವಧಿ ಮುಗಿದ ಮೇಲೆ ಅಪ್ರಕಟಿತ ಕೃತಿಯನ್ನು ಮೊದಲು ಹೊರತಂದವರಿಗೆ 25 ವರ್ಷ, ಅಷ್ಟೇ. ಹುಡುಕಿ ಅಚ್ಚುಹಾಕಿದ ಶ್ರಮಕ್ಕೆ ಅದು ಸಾಕು. ನಮ್ಮಲ್ಲೂ ಅಷ್ಟೇ ಇರಲಿ.

ಅಮೆರಿಕದಲ್ಲಿರುವ ಕನ್ನಡಿಗರೂ ಕೇಳಿಸಿಕೊಳ್ಳಿ, ಪುಸ್ತಕ ಅಪ್‌ಲೋಡ್ ಮಾಡುವ ಸರ್ವರ್ ಅಲ್ಲಿದ್ದರೆ ಲೆಕ್ಕ ಬೇರೆ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಹಳೆಯ ಪುಸ್ತಕಗಳಿಗೆ ಅಲ್ಲಿ ಪ್ರಕಟಣೆಯಿಂದ 95 ವರ್ಷ ರಕ್ಷಣೆ. ಟಾಗೋರರ 1940ರ ಪುಸ್ತಕ ಅಲ್ಲಿ 2035ರ ಕೊನೆಯವರೆಗೂ ಬಂಧಿ. 1992ರ ಆ ತಿದ್ದುಪಡಿ ಇಲ್ಲದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಕಾನೂನು ಬದಲಾಗುವವರೆಗೆ ಪ್ರಕಾಶಕರು ಒಂದು ಕೆಲಸ ಮಾಡಬಹುದು, ಖರ್ಚೂ ಇಲ್ಲ. ಸಮಗ್ರ ಸಂಪುಟದ ಕೊನೆಗೆ ಎರಡು ಪುಟ: ಯಾವ ಬರಹ ಮೊದಲು ಎಲ್ಲಿ, ಯಾವ ವರ್ಷ ಅಚ್ಚಾಯಿತು, ಯಾವುದು ಕೈಬರಹದಿಂದ ಇಲ್ಲೇ ಮೊದಲ ಸಲ ಬರುತ್ತಿದೆ, ಎಲ್ಲಿ ಸಂಪಾದಕರು ಕೈಹಾಕಿದ್ದಾರೆ.