ಕೊಬ್ಬಿನ ಮಾತ್ರೆ ಅಸ್ತಮಾಗೆ ಆದೀತೇ?

ಕೇಳುಗರೆಲ್ಲರಿಗೂ ನಮಸ್ಕಾರ.

ರಕ್ತದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ನಿಮ್ಮಲ್ಲಿ ಹಲವರಿಗೆ ಪರಿಚಿತ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಶಿಲೀಂಧ್ರವೊಂದರಲ್ಲಿ ಇವುಗಳ ಮೂಲವನ್ನು ಕಂಡುಹಿಡಿದರು. ಹೃದಯ ಕಾಯಲು ಬಂದ ಈ ಔಷಧ ಅಸ್ತಮಾಗೂ ಆದೀತೇ ಎಂದು ಸಂಶೋಧಕರು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ.

ಹಾಗೆ ಕೇಳಲು ಕಾರಣವಿದೆ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಉರಿಯೂತದಿಂದ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸ್ಟ್ಯಾಟಿನ್ ತಡೆಯುವುದು ಕೊಲೆಸ್ಟ್ರಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು. ಆದರೆ ಆ ದಾರಿಯಲ್ಲಿ ಹುಟ್ಟುವುದು ಕೊಲೆಸ್ಟ್ರಾಲ್ ಒಂದೇ ಅಲ್ಲ. ಜೀವಕೋಶದೊಳಗೆ 'ರೋ' ಎಂಬ ಪ್ರೋಟೀನ್ ಇದೆ. ಸಣ್ಣದೊಂದು ಕೊಬ್ಬಿನ ತುಣುಕು ಅಂಟಿಕೊಂಡರೆ ಮಾತ್ರ ಅದು ಕೆಲಸಕ್ಕೆ ಇಳಿಯುತ್ತದೆ. ಆ ತುಣುಕು ತಯಾರಾಗುವುದೂ ಕೊಲೆಸ್ಟ್ರಾಲ್ ತಯಾರಾಗುವ ಅದೇ ದಾರಿಯಲ್ಲಿ. ಶ್ವಾಸನಾಳದ ಸ್ನಾಯು ಬಿಗಿಹಿಡಿದು ನಿಲ್ಲುವುದರಲ್ಲಿ ರೋ ಪ್ರೋಟೀನಿನ ಪಾತ್ರ ದೊಡ್ಡದು. ಸ್ಟ್ಯಾಟಿನ್ ಆ ದಾರಿಯನ್ನು ತಡೆದು ತುಣುಕು ಸಿಗದಂತೆ ಮಾಡಿದರೆ ಬಿಗಿತ ಸಡಿಲಬೇಕು. ಪ್ರಯೋಗಾಲಯದ ಜೀವಕೋಶಗಳಲ್ಲೂ ಇಲಿಗಳಲ್ಲೂ ಇಂಥ ಪರಿಣಾಮ ಕಂಡಿದೆ. ನನ್ನ ಮಟ್ಟಿಗೆ ಇದು ನಿಜಕ್ಕೂ ಸುಂದರವಾದ ತರ್ಕ.

ರೋಗಿಗಳಲ್ಲಿ ಮಾತ್ರ ಅದು ಅಷ್ಟು ಸಲೀಸಾಗಿ ನಡೆಯಲಿಲ್ಲ. ಗ್ಲಾಸ್ಗೋದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ತಮಾ ಇದ್ದವರಿಗೆ ಎಂಟು ವಾರ ಅಟೋರ್ವಾಸ್ಟ್ಯಾಟಿನ್ ಕೊಟ್ಟರು. ಕಫದಲ್ಲಿನ ಕೆಲವು ರಕ್ಷಣಾ ಕೋಶಗಳು ಕಡಿಮೆಯಾದವು. ಉಸಿರಾಟದ ಅಳತೆ ಸುಧಾರಿಸಲಿಲ್ಲ.

ಏಕಿರಬಹುದು? ನುಂಗಿದ ಸ್ಟ್ಯಾಟಿನ್ನಿನ ಬಹುಪಾಲನ್ನು ಯಕೃತ್ತು ಹೀರಿಕೊಳ್ಳುತ್ತದೆ, ಶ್ವಾಸನಾಳಕ್ಕೆ ತಲುಪುವುದು ಅತ್ಯಲ್ಪ. ಅದಕ್ಕೇ ಕೆಲವು ಸಂಶೋಧಕರು ಇದನ್ನು ಇನ್ಹೇಲರ್ ಮೂಲಕ ನೇರವಾಗಿ ಕೊಡುವ ದಾರಿ ಹುಡುಕುತ್ತಿದ್ದಾರೆ. ನನಗೆ ಆಸೆ ಇರುವುದು ಈ ದಾರಿಯ ಮೇಲೆ.

ಅಲ್ಲಿಯವರೆಗೆ ಅಸ್ತಮಾಗೆಂದು ಯಾರೂ ತಾವಾಗಿಯೇ ಸ್ಟ್ಯಾಟಿನ್ ಶುರುಮಾಡಬೇಡಿ. ಸ್ಟೀರಾಯ್ಡ್ ಇನ್ಹೇಲರ್ ಬಿಡುವ ಮಾತಂತೂ ಬೇಡವೇ ಬೇಡ. ಹೃದಯಕ್ಕಾಗಿ ಈಗಾಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವ ಅಸ್ತಮಾ ರೋಗಿಗಳು ಅದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಎದೆಯ ಸೋಂಕಿಗೆ ಕ್ಲಾರಿಥ್ರೊಮೈಸಿನ್ ಅಥವಾ ಶಿಲೀಂಧ್ರದ ಸೋಂಕಿಗೆ ಇಟ್ರಾಕೊನಜೋಲ್ ಬರೆದುಕೊಟ್ಟಾಗ ಸ್ಟ್ಯಾಟಿನ್ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಅವು ಸಿಮ್ವಾಸ್ಟ್ಯಾಟಿನ್ನಿನಂಥ ಕೆಲವು ಸ್ಟ್ಯಾಟಿನ್‌ಗಳ ಜೊತೆ ಸೇರಿದರೆ ಸ್ನಾಯುಗಳಿಗೆ ಗಂಭೀರ ಹಾನಿಯಾಗಬಹುದು. ವಿನಾಕಾರಣ ಮೈಕೈ ಸ್ನಾಯುಗಳು ನೋಯುತ್ತಿದ್ದರೆ, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಿ.

ನಮಸ್ಕಾರ.